ದೀಪಕ್ಕೆ ಕಟ್ಟಿಸಿದ ಗೋಡೆ

ನನ್ನ ಮೊಮ್ಮಗಳು ಇನ್ನು ಮೇಲೆ ನಮ್ಮ ಮನೆಯಲ್ಲೇ ಇರುತ್ತಾಳೆ! ಶನಿವಾರ ಬೆಳಿಗ್ಗೆ ಡಾಕ್ಟರು ಅವಳ ಬೆನ್ನಿಗೊಮ್ಮೆ ಎದೆಗೊಮ್ಮೆ ಆ ತಣ್ಣನೆಯ ಬಿಲ್ಲೆ ಒತ್ತಿ, ಉಸಿರು ಎಳಿ, ಬಿಡು, ಇನ್ನೊಂದ್ಸಾರಿ ಎಳಿ ಎಂದು ಕೇಳಿಸಿಕೊಂಡು, ಕಿವಿಯಿಂದ ನಳಿಗೆ ತೆಗೆದು, "ಸೀಟಿ ಹೊಡೀತಿಲ್ಲ. ಮನೇಲೇ ಇಟ್ಕೊಳಿ ಮಗೂನ" ಅಂದರು. ನಾನು ಡಾಕ್ಟರಿಗೆ ಕೈ ಮುಗಿದೆ. ಚೀಟಿ ಕೊಡುವ ಹುಡುಗಿಗೆ ಮುಗಿದೆ. ಹೊರಗೆ ಚಪ್ಪಲಿ ಹುಡುಕುತ್ತಿದ್ದ ಯಾರೋ ಹೆಂಗಸಿಗೂ ಮುಗಿದೆನಂತೆ; ಸೊಸೆ ದಾರಿಯುದ್ದಕ್ಕೂ ಅದನ್ನೇ ಹೇಳಿ ನಕ್ಕಳು. ನಗಲಿ. ಭಾನುವಾರ ಸೊಪ್ಪಿನವಳಿಗೆ ಹೇಳಿದೆ, ಹಾಲಿನ ಬೂತಿನವರಿಗೆ ಹೇಳಿದೆ, ಕಸದ ಗಾಡಿಯವರನ್ನೂ ನಿಲ್ಲಿಸಿ ಹೇಳಿದೆ. ಇನ್ನೂ ಹೇಳಿ ಮುಗಿದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ತಪ್ಪಿದ್ದರೆ ಓದುವವರೇ ಸರಿಮಾಡಿಕೊಳ್ಳಬೇಕು.

ಅವಳಿಗೆ ಆರು ವರ್ಷ. ನನ್ನ ಒಬ್ಬನೇ ಮಗನ ಒಬ್ಬಳೇ ಮಗಳು. ಎರಡು ವರ್ಷದಿಂದ ಕೆಂಗೇರಿಯಲ್ಲಿ, ಅವಳಮ್ಮನ ತವರಿನಲ್ಲಿದ್ದಳು. ಕೆಂಗೇರಿ ಏನು ಸಮುದ್ರದಾಚೆ ಇಲ್ಲ, ಮೆಟ್ರೋ ಹತ್ತಿದರೆ ಅರ್ಧ ಗಂಟೆ. ಆದರೆ ಭಾನುವಾರ ನನ್ನ ಹತ್ತಿರ ಬಂದ ಮಗು ಸಂಜೆಯ ಹೊತ್ತಿಗೆ ಕೆಮ್ಮಿ ಕೆಮ್ಮಿ, ಎದೆ ಸೀಟಿ ಊದಿಕೊಂಡು, ಅಮ್ಮನ ಹೆಗಲ ಮೇಲೆ ತಲೆಯಿಟ್ಟು ವಾಪಸ್ ಹೋಗುವಾಗ ಆ ಅರ್ಧ ಗಂಟೆ ಎಷ್ಟು ದೂರ ಅಂತ ನನಗೆ ಗೊತ್ತು. ಅಲ್ಲಿದ್ದರೆ ಚೆನ್ನಾಗಿರುತ್ತಾಳೆ, ನನ್ನ ಮನೆಗೆ ಬಂದರೆ ಉಸಿರು ಕಟ್ಟುತ್ತದೆ. ಅದಕ್ಕೆ ಕಾರಣ ಒಂದು ಗೋಡೆ. ಆ ಗೋಡೆ ಕಟ್ಟಿಸಿದವಳು ನಾನು.

ನಮ್ಮದು ಚಂದ್ರಾ ಲೇಔಟಿನಲ್ಲಿ ಇಪ್ಪತ್ತು ಮೂವತ್ತರ ಸೈಟು. ಎರಡೂ ಪಕ್ಕದ ಮನೆಗಳು ನಮ್ಮ ಗೋಡೆಗೆ ಅಂಟಿಕೊಂಡೇ ಎದ್ದಿವೆ; ಆ ಕಡೆ ಈ ಕಡೆ ಒಂದು ಕಿಟಕಿ ಇಡುವುದಕ್ಕೂ ಜಾಗವಿಲ್ಲ. ಗಾಳಿ ಬರುವುದಿದ್ದರೆ ರಸ್ತೆ ಇರುವ ಪಶ್ಚಿಮದಿಂದ ಬರಬೇಕು, ಇಲ್ಲವೇ ಪೂರ್ವದ ಹಿತ್ತಲ ಬಾಗಿಲಿನಿಂದ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಎರಡಕ್ಕೂ ಒಂದೇ ನಕ್ಷೆ. ಮುಂದೆ ಬಾಗಿಲು, ಪಕ್ಕದಲ್ಲಿ ದೊಡ್ಡ ಕಿಟಕಿ, ಉದ್ದನೆಯ ಹಾಲು, ಹಾಲಿನ ಕೊನೆಗೆ ಅಡುಗೆಮನೆ, ಅದರಾಚೆ ಹಿಂದಿನ ಬಾಗಿಲು. ಮೊದಲು ರಸ್ತೆಯಲ್ಲಿ ನಿಂತು ನೋಡಿದರೆ ಹಿತ್ತಲಲ್ಲಿ ಒಣಹಾಕಿದ ನನ್ನ ಸೀರೆಯ ಅಂಚು ಕಾಣುತ್ತಿತ್ತು. ಆಷಾಢದ ಗಾಳಿ ಮುಂದಿನಿಂದ ನುಗ್ಗಿ, ಗೋಡೆಯ ಕ್ಯಾಲೆಂಡರನ್ನು ಪಟಪಟ ಬಡಿದು, ಅಡುಗೆಮನೆಯ ಘಾಟನ್ನೂ ಎಳೆದುಕೊಂಡು ಹಿಂದಿನಿಂದ ಹೊರಟುಹೋಗುತ್ತಿತ್ತು. ನಮ್ಮ ಯಜಮಾನರು ಹಾಲಿನ ನಡುವೆ ಚಾಪೆ ಹಾಕಿ, ಬನಿಯನ್ನನ್ನೂ ಕಳಚಿ, ಆ ಗಾಳಿಗೆ ಮೈಯೊಡ್ಡಿ ಮಲಗುತ್ತಿದ್ದರು. ಕಾರ್ಖಾನೆಯಲ್ಲಿ ದಿನವಿಡೀ ಕುಲುಮೆಯ ಮುಂದೆ ನಿಂತ ಮೈ ಅದು.

ಒಂದು ಸಾರಿ ಅವರಿಗೆ ಕಾಮಾಲೆಯಾಗಿ ಆಸ್ಪತ್ರೆಯಲ್ಲಿ ಮಲಗಿದರು. ಕಣ್ಣೆಲ್ಲ ಅರಿಶಿನ. ನಾನು ಮನೆದೇವರಿಗೆ ಹರಕೆ ಹೊತ್ತೆ: ಇವರು ನಡೆದುಕೊಂಡು ಮನೆಗೆ ಬಂದರೆ, ನಾನಿರುವ ತನಕ ನಿನ್ನ ಮುಂದೆ ಹಗಲೂ ರಾತ್ರಿ ನಂದಾದೀಪ ಉರಿಸುತ್ತೇನೆ. ನಡೆದುಕೊಂಡೇ ಬಂದರು. ದೀಪ ಹಚ್ಚಿದೆ. ಹಾಲಿನ ಈಶಾನ್ಯ ಮೂಲೆಯಲ್ಲಿ ನಮ್ಮ ದೇವರ ಮಂಟಪ. ಗಾಳಿ ಜೋರಾದಾಗಲೆಲ್ಲ ದೀಪ ಶಾಂತವಾಗುತ್ತಿತ್ತು. ದೀಪ ಆರಿತು ಅಂತ ನಮ್ಮಲ್ಲಿ ಬಾಯಲ್ಲಿ ಆಡುವುದಿಲ್ಲ, ಶಾಂತವಾಯಿತು ಅನ್ನುತ್ತೇವೆ. ಮಾತು ಬದಲಾಯಿಸಿದರೆ ಭಯ ಹೋಗುತ್ತದೆಯೇ? ಪ್ರತಿ ಸಾರಿಯೂ ಓಡಿಹೋಗಿ ಮೊದಲು ಇವರ ಎದೆ ಏಳುತ್ತಿದೆಯೇ ನೋಡುತ್ತಿದ್ದೆ, ಆಮೇಲೆ ಬೆಂಕಿಕಡ್ಡಿ ಗೀರುತ್ತಿದ್ದೆ.

"ಹಾಲಿಗೆ ಅಡ್ಡ ಒಂದು ಗೋಡೆ ಹಾಕ್ಸಿಬಿಡಿ ರೀ," ಅಂದೆ.

"ಗಾಳಿ ನಿಂತೋಗತ್ತೆ ಕಣೇ."

"ದೇವರಿಗಿಂತ ಗಾಳಿ ಹೆಚ್ಚಾ ನಿಮಗೆ? ಫ್ಯಾನಿದೆಯಲ್ಲ."

ಹರಕೆ ಹೊತ್ತದ್ದು ಅವರ ಪ್ರಾಣಕ್ಕೆ. ಎದುರು ಹೇಗೆ ಮಾತಾಡಿಯಾರು? ಗೋಡೆ ಎದ್ದಿತು, ನೆಲದಿಂದ ತಾರಸಿಯವರೆಗೆ. ಮೂಲೆಯಲ್ಲೊಂದು ಬಾಗಿಲು, ಆ ಬಾಗಿಲೂ ಸದಾ ಹಾಕಿಯೇ ಇರುತ್ತಿತ್ತು. ಮುಂದಿನ ಅರ್ಧ ಬಂದವರು ಕೂರುವುದಕ್ಕೆ. ಹಿಂದಿನ ಅರ್ಧ ದೇವರಿಗೂ ಒಲೆಗೂ ನನಗೂ.

ಅವತ್ತಿನಿಂದ ದೀಪ ಅಲುಗಾಡಲಿಲ್ಲ. ಬಂದವರನ್ನೆಲ್ಲ ಒಳಗೆ ಕರೆದು ತೋರಿಸುತ್ತಿದ್ದೆ. "ನೋಡಿ, ಚಿತ್ರದಲ್ಲಿ ಬರೆದ ಹಾಗೆ ನಿಂತಿದೆ." ಅವರು ಗಲ್ಲ ಗಲ್ಲ ಬಡಿದುಕೊಂಡು ಹೋಗುತ್ತಿದ್ದರು. ಅಷ್ಟು ನೆಟ್ಟಗೆ ನಿಂತ ದೀಪ ಇಲ್ಲಿ ಗಾಳಿಯೇ ಆಡುತ್ತಿಲ್ಲ ಅಂತ ಹೇಳುತ್ತಿದೆ ಎಂದು ಅವರಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ.

ಯಜಮಾನರು ಚಾಪೆಯನ್ನು ಮುಂದಿನ ಅರ್ಧಕ್ಕೆ ಒಯ್ದರು. ಕಿಟಕಿ ತೆರೆದೇ ಇತ್ತು. ಹೊರಗೆ ಎದುರುಮನೆಯ ತೆಂಗಿನ ಗರಿ ತೂಗಾಡುತ್ತಿತ್ತು, ಒಳಗೆ ಇವರ ಕೈಯಲ್ಲಿ ರಟ್ಟಿನ ತುಂಡು. ಅದರಲ್ಲೇ ಬೀಸಿಕೊಳ್ಳುತ್ತ, "ಹೊರಗೆ ಇಷ್ಟು ಬೀಸ್ತಿದೆ, ಒಳಗೆ ಯಾಕೆ ಬರ್ತಿಲ್ವೇ?" ಅಂತ ಕೇಳುತ್ತಿದ್ದರು. "ನಿಮಗೆ ವಯಸ್ಸಾಯ್ತು, ಸೆಕೆ ಜಾಸ್ತಿ," ಅನ್ನುತ್ತಿದ್ದೆ. ಕೊನೆಕೊನೆಗೆ ಕುರ್ಚಿ ತೆಗೆದುಕೊಂಡು ಗೇಟಿನ ಹತ್ತಿರ ಕೂರುವುದಕ್ಕೆ ಶುರುಮಾಡಿದರು. ಅವರು ಗೇಟಿನ ಹತ್ತಿರ, ನಾನು ದೀಪದ ಹತ್ತಿರ. ಹೀಗೇ ನಾಲ್ಕು ವರ್ಷ ಒಂದೇ ಮನೆಯಲ್ಲಿ ಗೋಡೆಯ ಆಚೆ ಈಚೆ ಕಳೆದೆವು. ಒಂದು ದಿನ ಎದೆನೋವು ಅಂದವರು ಹೋಗೇಬಿಟ್ಟರು. ಅವತ್ತು ದೀಪ ಒಂಚೂರೂ ಅಲುಗಾಡದೆ ಉರಿಯುತ್ತಿತ್ತು.

"ಹರಕೆ ಮುಗೀತಲ್ಲಮ್ಮ," ಅಂದ ಮಗ.

"ನಾನಿರೋ ತನಕ ಅಂದಿದೀನಿ ಕಣೋ."

ಮರುವರ್ಷ ಮೊಮ್ಮಗಳು ಹುಟ್ಟಿದಳು. ತಾತನನ್ನು ನೋಡಲಿಲ್ಲ. ನಡೆಯಲು ಬಂದಾಗಿನಿಂದ ನನ್ನ ಮಗ್ಗುಲಲ್ಲೇ ಮಲಗಿದಳು, ಆ ಹಿಂದಿನ ಅರ್ಧದಲ್ಲಿ, ದೀಪ ನೋಡುತ್ತ. ಶೀತವಾಗಬಾರದು ಅಂತ ನಾನು ಮೂಲೆಯ ಬಾಗಿಲಿನ ಸಂದಿಗೂ ಹಳೆಯ ಸೀರೆ ತುರುಕುತ್ತಿದ್ದೆ. ಅಲ್ಲಿ ಹರಡಿದ ಬಟ್ಟೆ ಎರಡು ದಿನವಾದರೂ ಹಸಿಹಸಿ. ಗೋಡೆಯ ಬುಡದಲ್ಲಿ ಕಪ್ಪು ಬೂಷ್ಟು; ಒರೆಸಿದರೆ ವಾರಕ್ಕೆ ಮತ್ತೆ. ಬೆಳಿಗ್ಗೆ ಹಾಕಿದ ಒಗ್ಗರಣೆ ಸಂಜೆಗೂ ಮೂಗಿಗೆ ಬಡಿಯುತ್ತಿತ್ತು. ಮಳೆಗಾಲ ಬಂತೆಂದರೆ ಮಗುವಿನ ಎದೆಯಿಂದ ಸಣ್ಣ ಸೀಟಿ.

"ಮನೇಲಿ ಗಾಳಿ ಆಡತ್ತಾ ಅಜ್ಜಿ?" ಅಂತ ಡಾಕ್ಟರು ಆಗಲೇ ಕೇಳಿದ್ದರು.

"ಆಡತ್ತೆ ಸಾರ್, ಎರಡು ಫ್ಯಾನಿದೆ."

"ಫ್ಯಾನು ಇರೋ ಗಾಳೀನೇ ತಿರುಗ್ಸತ್ತೆ. ಹೊಸ ಗಾಳಿ ಬರತ್ತಾ?"

"ಕಿಟಕಿ ತೆಗೆದೇ ಇರತ್ತೆ ಸಾರ್."

ಸುಳ್ಳಲ್ಲ. ಕಿಟಕಿ ತೆಗೆದೇ ಇರುತ್ತಿತ್ತು.

ಬೀಗರ ಮನೆ ಕೆಂಗೇರಿಯಲ್ಲಿ ನಾಲ್ಕು ಕಡೆಯೂ ಬಿಡುವಿರುವ ಮನೆ. ರಜಕ್ಕೆ ಅಂತ ಹೋದ ಮಗು ಅಲ್ಲಿ ಹತ್ತು ದಿನ ಕೆಮ್ಮಲೇ ಇಲ್ಲ. ಅಲ್ಲೇ ಸ್ಕೂಲಿಗೆ ಸೇರಿಸಿದರು. ಸೊಸೆಗೆ ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಕೆಲಸ. ಸಂಜೆ ಸೀದಾ ಮಗುವಿನ ಹತ್ತಿರ ಹೋಗಿ ಅಲ್ಲೇ ಇದ್ದು, ಶನಿವಾರ ಮಾತ್ರ ಇಲ್ಲಿಗೆ ಬರುತ್ತಿದ್ದಳು; ಭಾನುವಾರ ಬೀಗರು ಮಗುವನ್ನು ಕರೆತಂದು ಬಿಡುತ್ತಿದ್ದರು. ಮಗ ಲಿಫ್ಟ್ ರಿಪೇರಿಗೆ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆಯೇ ಬರುವುದು.

ಉಳಿದವಳು ನಾನು. ಬೆಳಿಗ್ಗೆ ಒಂದು ಪಾವು ಅಕ್ಕಿ ಇಟ್ಟರೆ ಸಂಜೆಗೂ ಅದೇ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಅಂತ ಕೇಳುವುದಕ್ಕೂ ಯಾರಿಲ್ಲ; ಎರಡು ಸಾರಿ ಹಾಕಿ, ನಾನೇ ತಿಂದು ಸುಮ್ಮನಾದದ್ದೂ ಉಂಟು. ಅವಳ ಪುಟ್ಟ ಚಪ್ಪಲಿ ಬಾಗಿಲ ಹತ್ತಿರವೇ ಇಟ್ಟಿದ್ದೆ. ಒಂದು ಭಾನುವಾರ ಹಾಕಿ ನೋಡಿದರೆ ಕಾಲು ಹೊರಗೆ ಬಂತು. ಆ ಗೋಡೆಯ ಮೇಲೆ, ಅವಳ ಕೈ ನಿಲುಕುವಷ್ಟು ಎತ್ತರದಲ್ಲಿ, ಬಣ್ಣದ ಕಡ್ಡಿಯಲ್ಲಿ ಒಂದು ಮುದುಕಿಯನ್ನೂ ಒಂದು ದೀಪವನ್ನೂ ಬರೆದಿದ್ದಳು. ಮುದುಕಿಗಿಂತ ದೀಪ ದೊಡ್ಡದು. ಅದರ ಎದುರು ಕೂತು ನಾನು ದೀಪಕ್ಕೆ ಎಣ್ಣೆ ಹಾಕುತ್ತಿದ್ದೆ, ದೀಪದ ಜೊತೆಯೇ ಮಾತಾಡುತ್ತಿದ್ದೆ. ಇವತ್ತು ನೀರು ಬರಲಿಲ್ಲ, ಇವತ್ತು ಸೊಪ್ಪು ಎಳೆಯದಿತ್ತು, ಹೀಗೆ. ಮನುಷ್ಯರಾದರೆ ಒಂದು ಸಾರಿಯಾದರೂ ತಲೆಯಾಡಿಸುತ್ತಾರೆ. ಅದು ಅಲುಗಾಡುತ್ತಿರಲಿಲ್ಲ.

ಹೋದ ಆಷಾಢದಲ್ಲಿ ಒಂದು ಮಧ್ಯಾಹ್ನ ರವಿಕೆಗೆ ಹುಕ್ಕು ಹಾಕಿಸಲು ಮೇಲಿನ ಮನೆಗೆ ಹತ್ತಿದೆ. ಬಾಡಿಗೆಗಿರುವವಳು ಟೈಲರ್ ಹುಡುಗಿ, ಹಾಲಿನಲ್ಲೇ ಮಿಷನ್ ಹಾಕಿಕೊಂಡು ಹೊಲಿಯುತ್ತಾಳೆ. ಹೊಸದಾಗಿ ಬಂದವಳು, ನಾನು ಅಲ್ಲಿಯ ತನಕ ಒಳಗೆ ಕಾಲಿಟ್ಟಿರಲಿಲ್ಲ. ಬಾಗಿಲು ದಾಟಿದ್ದೇ ಸೆರಗು ಹಾರಿ ಮುಖಕ್ಕೆ ಬಿತ್ತು.

"ಬನ್ನಿ ಅಜ್ಜಿ, ಆ ಲೈನಿಂಗ್ ಬಟ್ಟೆ ಮೇಲೆ ಒಂಚೂರು ಕಾಲಿಡಿ, ಹಾರೋಗತ್ತೆ," ಅಂದಳು. "ನಿಮ್ಮನೇಲಿ ಈ ಗಾಳಿದೇ ಒಂದು ಕಾಟ ನೋಡಿ. ಕತ್ರಿ, ಇಸ್ತ್ರಿಪೆಟ್ಟಿಗೆ, ನನ್ ಗಂಡನ ಬೂಟು, ಎಲ್ಲಾ ಭಾರ ಇಟ್ಕೊಂಡು ಹೊಲೀತೀನಿ."

ನನ್ನ ಮನೆಯಲ್ಲಿ ಗಾಳಿಯ ಕಾಟ! ನಾನು ಲೈನಿಂಗ್ ಬಟ್ಟೆಯ ಮೇಲೆ ನಿಂತುಕೊಂಡೇ ನೋಡಿದೆ. ಅದೇ ಕಿಟಕಿ, ಅದೇ ಹಾಲು, ಅದೇ ಹಿಂದಿನ ಬಾಗಿಲು. ನಡುವೆ ಗೋಡೆ ಮಾತ್ರ ಇಲ್ಲ.

ಕೆಳಗೆ ಹೋಗಿ ಊದುಬತ್ತಿ ತಂದೆ. ಮದುವೆಗೆ ಮುಂಚೆ ಮಾಗಡಿ ರಸ್ತೆಯಲ್ಲಿ ಮನೆಯಲ್ಲೇ ಕೂತು ಊದುಬತ್ತಿ ಹೊಸೆದ ಕೈ ನನ್ನದು. ಹೊಗೆ ನೋಡುವುದು ನನಗೆ ಹೊಸತಲ್ಲ. ಅವಳ ಕಿಟಕಿಯ ಹತ್ತಿರ ಹಿಡಿದೆ. ಹೊಗೆ ಮಲಗಿಕೊಂಡು, ಮಿಷನ್ನಿನ ಮೇಲಿಂದ ಹಾದು, ಹಿಂದಿನ ಬಾಗಿಲಿಂದ ಹೊರಗೆ ಓಡಿತು.

"ಏನಜ್ಜಿ, ನಮ್ಮನೆಗೆ ದೃಷ್ಟಿ ತೆಗೀತಾ ಇದೀರಾ?"

"ಸುಮ್ನಿರೇ. ಆ ಹಿಂದಿನ ಬಾಗಿಲು ಹಾಕು."

ಹಾಕಿದಳು. ಕಿಟಕಿಯ ಪರದೆ ತಟ್ಟನೆ ಜೋತುಬಿತ್ತು. ಹೊಗೆ ಅಲ್ಲಲ್ಲೇ ಸುತ್ತಿತು. ತೆಗೆ ಅಂದೆ, ತೆಗೆದಳು, ಪರದೆ ಮತ್ತೆ ಹೊಟ್ಟೆ ಉಬ್ಬಿಸಿಕೊಂಡು ಎದ್ದಿತು. ಮುಂದಿನ ಕಿಟಕಿಯ ಗಾಳಿ ನಿಂತದ್ದು ಹಿಂದಿನ ಬಾಗಿಲು ಹಾಕಿದ್ದಕ್ಕೆ! ಹೋಗುವುದಕ್ಕೆ ದಾರಿಯಿಲ್ಲದ ಕಡೆಗೆ ಗಾಳಿ ಬರುವುದೇ ಇಲ್ಲ. ಹುಕ್ಕಿನ ರವಿಕೆ ಅಲ್ಲೇ ಬಿಟ್ಟು ಕೆಳಗಿಳಿದೆ. ನಮ್ಮ ಕಿಟಕಿಯ ಹತ್ತಿರ ಹಿಡಿದ ಹೊಗೆ ಎರಡು ಮಾರು ಒಳಗೆ ಬಂದು, ಗೋಡೆಗೆ ಹಣೆ ಹಚ್ಚಿ, ಮೇಲೆ ಹತ್ತಿ, ಮಡಚಿಕೊಂಡು ಅದೇ ಕಿಟಕಿಗೆ ವಾಪಸ್ ಬಂತು. ಗೋಡೆಯ ಹಿಂದೆ ಹಿಡಿದರೆ ದಾರ ನಿಲ್ಲಿಸಿದ ಹಾಗೆ ನೆಟ್ಟಗೆ ನಿಂತಿತು. ದೀಪದ ಹಾಗೆಯೇ.

"ಹೊರಗೆ ಇಷ್ಟು ಬೀಸ್ತಿದೆ, ಒಳಗೆ ಯಾಕೆ ಬರ್ತಿಲ್ವೇ?" ಅವರ ಮಾತಿಗೆ ಉತ್ತರ ಸಿಕ್ಕಿತು. ಹೇಳೋಣವೆಂದರೆ ಗೇಟಿನ ಹತ್ತಿರ ಕುರ್ಚಿ ಇರಲಿಲ್ಲ.

ಇಲ್ಲೊಂದು ಮಾತು ಮುಚ್ಚಿಡಬಾರದು. ಗೊತ್ತಾದ ಮೇಲೂ ಎಂಟು ದಿನ ನಾನು ಯಾರಿಗೂ ಹೇಳಲಿಲ್ಲ. ಗೋಡೆ ಹೋದರೆ ದೀಪ ನಿಲ್ಲುವುದಿಲ್ಲ. ಅವರಿಗಾಗಿ ನಾನು ಮಾಡುತ್ತಿರುವುದು ಅದೊಂದೇ ಉಳಿದಿತ್ತು. ಅದನ್ನು ತೆಗೆದರೆ ಹಗಲೆಲ್ಲ ನಾನು ಏನು ಮಾಡಲಿ, ಯಾರ ಮುಂದೆ ಕೂರಲಿ? ಒಂಬತ್ತನೆಯ ದಿನ ಶನಿವಾರ. ಸೊಸೆ ಬರುವ ದಿನ. ಅವಳು ಬರುವುದಕ್ಕೆ ಮುಂಚೆ ಮಗು ಕೆಂಗೇರಿಯಿಂದ ಫೋನ್ ಮಾಡಿ, ಫೋನಿನಲ್ಲಿ ಮುಖ ತೋರಿಸಿ ಕೇಳಿತು: "ಅಜ್ಜೀ, ನಾಳೆ ನಾನು ಗೇಟಲ್ಲೇ ಕೂತ್ಕೊಂಡು ನಿನ್ ಜೊತೆ ಮಾತಾಡ್ಲಾ? ಒಳಗೆ ಬಂದ್ರೆ ಕೆಮ್ಮು ಬರತ್ತಲ್ಲ."

ಗೇಟಿನಲ್ಲೇ. ತಾತನ ಹಾಗೆ.

ಅವತ್ತು ಊಟಕ್ಕೆ ಕೂತಾಗ ಮಗನಿಗೂ ಸೊಸೆಗೂ ಎಲ್ಲ ಹೇಳಿದೆ. "ಮಗೂನ ಮನೆಯಿಂದ ಓಡ್ಸಿದ್ದು ನಾನೇ ಕಣೋ," ಅಂದೆ. ಮಗ ತುತ್ತು ಕೈಯಲ್ಲಿಟ್ಟುಕೊಂಡು ಗೋಡೆಯನ್ನೇ ನೋಡಿದ. ಸೊಸೆ ತಟ್ಟೆ ಸರಿಸಿ, "ಅತ್ತೆ, ನನಗೆ ಮೊದಲಿಂದ್ಲೂ ಅನುಮಾನ ಇತ್ತು," ಅಂದಳು. "ದೇವರ ಗೋಡೆ, ಮಾವನ ಹರಕೆ. ಹೆಂಗೆ ಬಾಯಿ ಬಿಡ್ಲಿ ಅಂತ." ಎರಡು ವರ್ಷ ಅವಳು ಮೆಟ್ರೋದಲ್ಲಿ ಆ ಅನುಮಾನ ಹೊತ್ತುಕೊಂಡು ಓಡಾಡಿದ್ದಳು. ನಾನು ದೀಪ ತೋರಿಸಿ ಹೆಮ್ಮೆಪಡುತ್ತಿದ್ದೆ.

ಗೋಡೆ ಕಟ್ಟಿದ್ದ ಮೇಸ್ತ್ರಿಯನ್ನೇ ಮಗ ಕರೆತಂದ. ಅವರಿಗೂ ತಲೆ ನೆರೆತಿತ್ತು.

"ಆಷಾಢ ಕಣಮ್ಮ. ಈ ತಿಂಗಳು ಯಾರೂ ಕೆಲಸ ಶುರು ಮಾಡಲ್ಲ."

"ಅದು ಕಟ್ಟೋದಕ್ಕೆ ಮೇಸ್ತ್ರಿ. ಒಡೆಯೋದಕ್ಕೆ ಯಾವ ಮುಹೂರ್ತ? ಒಡೀರಿ."

ಅವರು ನಕ್ಕು ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದರು. "ಸುಮ್ನೆ ಅಡ್ಡಕ್ಕೆ ಎತ್ತಿರೋದು, ಮೇಲಿನ ಭಾರ ಏನೂ ಹೊತ್ತಿಲ್ಲ. ಅವತ್ತೇ ಯಜಮಾನ್ರು ನನ್ ಹತ್ರ ಬಂದು, ಮೇಲೆ ಎರಡಡಿ ಸಂದು ಬಿಡಪ್ಪಾ ಅಂದಿದ್ರು. ನೀವೇ ಅಲ್ವಾ ಬಂದು ಸಂದೂ ಬೇಡ ಗಿಂದೂ ಬೇಡ, ಪೂರ್ತಿ ಮುಚ್ಚಿ ಅಂತ ಜಗಳ ತೆಗೆದಿದ್ದು?"

ನನಗೆ ನೆನಪೇ ಇರಲಿಲ್ಲ. ಅವರು ನನಗೆ ಗೊತ್ತಾಗದ ಹಾಗೆ ಎರಡಡಿ ಕೇಳಿದ್ದರು. ಅದನ್ನೂ ನಾನು ಕೊಟ್ಟಿರಲಿಲ್ಲ.

ಪೂರ್ತಿ ಒಡೆಯುವುದು ಬೇಡ ಎಂದವರು ಮೇಸ್ತ್ರಿಯೇ. ನನ್ನ ಭುಜದೆತ್ತರಕ್ಕೆ ಗೋಡೆ ಉಳಿಸಿ, ಅದರ ಮೇಲೆ ತಾರಸಿಯ ತನಕ ತೆಗೆಯುವುದು, ಮೂಲೆಯ ಬಾಗಿಲನ್ನೂ ಕಿತ್ತುಬಿಡುವುದು. ಗಾಳಿ ಮೇಲಿಂದ ದಾಟಿ ಹಿತ್ತಲಿಗೆ ಹೋಗುತ್ತದೆ, ಗೋಡೆಯ ಹಿಂದೆ, ಕೆಳಗೆ ನೆಲದ ಹತ್ತಿರ, ಅಷ್ಟಾಗಿ ತಾಕುವುದಿಲ್ಲ, ದೀಪ ಅಲ್ಲಿಡಿ. "ಆದ್ರೆ ಅಲುಗಾಡತ್ತೆ ಅಮ್ಮ. ಒಂದೊಂದ್ಸಾರಿ ಹೋಗಲೂಬಹುದು. ಅದಕ್ಕೆ ನಾನು ಮಾತು ಕೊಡಲ್ಲ."

ಮೊದಲ ಇಟ್ಟಿಗೆಗಳು ಬಿದ್ದು ಕೈ ತೂರುವಷ್ಟು ಕಿಂಡಿಯಾದಾಗ ಏನೂ ಆಗಲಿಲ್ಲ. ಎರಡನೆಯ ಸಾಲು ಹೋಯಿತು, ಮೂರನೆಯದು. ಆಮೇಲೆ ಒಮ್ಮೆಲೇ ಹಿಂದಿನ ಬಾಗಿಲು ಧಡಾರ್ ಎಂದು ಹೊರಗೆ ಬಡಿಯಿತು. ನನ್ನ ಕುತ್ತಿಗೆಗೆ ತಣ್ಣಗಾಯಿತು. ತಿರುಗಿ ನೋಡಿದರೆ ಬತ್ತಿಯ ತುದಿಯಲ್ಲಿ ಹೊಗೆ ಮಾತ್ರ. ಗೋಡೆ ಎದ್ದಾಗಿನಿಂದ ಮೊದಲ ಸಾರಿ. ಅಭ್ಯಾಸಬಲ, ನಾನು ಎದೆ ನೋಡಲು ಚಾಪೆಯ ಕಡೆ ತಿರುಗಿದೆ. ಚಾಪೆಯೂ ಇಲ್ಲ, ಎದೆಯೂ ಇಲ್ಲ. ಆ ಗಾಳಿಯಲ್ಲಿ ನಿಂತು ನಾನು ಅತ್ತೆ. ಅವರು ಹೋದ ದಿನ ಅಷ್ಟು ಅತ್ತಿರಲಿಲ್ಲ. ಮೇಸ್ತ್ರಿ ಹಾರೆ ಕೆಳಗಿಟ್ಟು, ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ನನ್ನ ಕೈಗಿಟ್ಟರು. ಹಚ್ಚಿದೆ. ಅಷ್ಟೇ. ಮತ್ತೆ ಹಚ್ಚಿದರೆ ಮತ್ತೆ ಉರಿಯುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ನಾನು ತಾರಸಿಯ ತನಕ ಗೋಡೆ ಎತ್ತಿಸಿದ್ದೆ.

ಮಗುವಿನ ಚಿತ್ರ ಕೆಳಗಿತ್ತು, ಉಳಿಯಿತು. ಶ್ರಾವಣದಲ್ಲಿ ಬೂಷ್ಟು ಕೆರೆದು ಸುಣ್ಣ ಹೊಡೆಸಿದೆವು, ಚಿತ್ರ ಬಿಟ್ಟು. ಭಾನುವಾರದ ಮಗು ಸೋಮವಾರದ ತನಕ ಇದ್ದಳು. ಗೌರಿಹಬ್ಬಕ್ಕೆ ಮೂರು ದಿನ ಇದ್ದಳು. ದಸರಾ ರಜವನ್ನೆಲ್ಲ ಇಲ್ಲೇ ಕಳೆದಳು. ನಾನು ದಿನವೂ ಅವಳ ಬೆನ್ನಿಗೆ ಕಿವಿಯಿಟ್ಟು ಕೇಳುತ್ತಿದ್ದೆ. ಔಷಧಿ ನಿಲ್ಲಿಸಿಲ್ಲ, ಡಾಕ್ಟರು ಹೇಳುವ ತನಕ ನಿಲ್ಲಿಸುವುದೂ ಇಲ್ಲ. ಸ್ಕೂಲು ಈ ವರ್ಷ ಅಲ್ಲೇ, ಅವಳಮ್ಮನೇ ಮೆಟ್ರೋದಲ್ಲಿ ಕರೆದುಕೊಂಡು ಹೋಗಿ ಬರುತ್ತಾಳೆ. ಸಂಜೆಯಾದರೆ ಇಲ್ಲಿ, ನನ್ನ ಮಗ್ಗುಲಲ್ಲಿ.

ಶನಿವಾರ ಸಂಜೆ ಬೀಗರಿಬ್ಬರೂ ಅವಳ ಬಟ್ಟೆ, ಪುಸ್ತಕ, ಬೊಂಬೆಯ ಚೀಲ ಹೊತ್ತುಕೊಂಡು ಬಂದರು. ಬೀಗಿತ್ತಿಯ ಕಣ್ಣು ಕೆಂಪಗಿತ್ತು. ಎರಡು ವರ್ಷ ಸಾಕಿದ್ದಾರೆ. ಆ ಮನೆ ಇವತ್ತು ಹೇಗಿದ್ದೀತು ಅಂತ ನನಗೆ ಗೊತ್ತು. ಕೈ ಹಿಡಿದು ಒಳಗೆ ಕರೆದೆ. ಮುದ್ದೆ, ಬಸ್ಸಾರು, ಶಾವಿಗೆ ಪಾಯಸ ಮಾಡಿದ್ದೆ. ಒಗ್ಗರಣೆಯ ಘಾಟು ಗೇಟಿನ ತನಕ ಹೋಗಿತ್ತಂತೆ. ದಸರಾ ಕಳೆದ ಮೇಲೆ ಗಾಳಿ ದಿಕ್ಕು ಬದಲಾಯಿಸಿ ಹಿತ್ತಲ ಕಡೆಯಿಂದ ಬರುತ್ತದೆ. ಅದನ್ನು ನಾನು ಮರೆತೇಬಿಟ್ಟಿದ್ದೆ. ಆರು ಜನ ಗೋಡೆಯ ಹಿಂದೆ ನೆಲದ ಮೇಲೆ ಸಾಲಾಗಿ ಕೂತೆವು. ದೀಪ ಅಡುಗೆಮನೆಯ ಕಡೆಯ ಗಾಳಿಗೆ ಗೋಡೆಯತ್ತ ಬಾಗಿ ಒದ್ದಾಡುತ್ತಿತ್ತು.

ನಾನು ಏಳಲು ಕೈಯೂರಿದೆ. ಅಷ್ಟರಲ್ಲಿ ಮಗು ತಟ್ಟೆ ಎತ್ತಿಕೊಂಡು ಹೋಗಿ, ಹಿಂದಿನ ಬಾಗಿಲಿಗೆ ಬೆನ್ನು ಕೊಟ್ಟು ದೀಪದ ಪಕ್ಕ ಕೂತಿತು.

"ನೀನು ಊಟ ಮಾಡಜ್ಜಿ. ನಾನು ಅಡ್ಡ ಕೂತಿದೀನಿ."

"ಬೆನ್ನಿಗೆ ಚಳಿ ಆಗತ್ತೆ ಕಣೇ."

"ಆಗಲ್ಲ. ತುಪ್ಪ ಹಾಕು."

ತುಪ್ಪ ಹಾಕಿದೆ. ಬೀಗರು ಇನ್ನರ್ಧ ಮುದ್ದೆ ಕೇಳಿದರು. ಸೊಸೆ ಸಾರಿಗೆ ಉಪ್ಪು ಸರಿಯಾಗಿದೆ ಅಂದಳು. ದೀಪ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ತಲೆಯಾಡಿಸುತ್ತಲೇ ಇತ್ತು, ನಾವು ತಿನ್ನುತ್ತಲೇ ಇದ್ದೆವು.